ಉಚಿತವಾದುದೆಲ್ಲವೂ ಉಚಿತವೇ? – ಅಂತರಜಾಲದಲ್ಲಿ ಗ್ರಂಥಾನ್ವೇಷಣೆ

ಉದ್ಯೋಗನಿಮಿತ್ತವಾಗಿ ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಬಹುಪಾಲು ಮನೆಗಳಿಗೆ ಒಂದು ಪೆಟ್ಟಿಗೆಯ ಕಥೆ ಇದ್ದೇ ಇರುತ್ತದೆ. ಹಿರಿಯರು ಊರಿನಿಂದ ಬರುವಾಗ ತಂದ ಗ್ರಂಥಗಳ ಪೆಟ್ಟಿಗೆ ಅದು. ಬಾಡಿಗೆಯ ಒಂದು ಮನೆಯಿಂದ ಮತ್ತೊಂದು ಮನೆಗೆ ಅದು ಸಾಗಿತು. ವರ್ಷಗಟ್ಟಲೆ ಅಟ್ಟದ ಮೇಲೆ ಕುಳಿತಿತು. ಕೊನೆಗೊಂದು ದಿನ, ಎರಡು ಕೋಣೆಗಳ ಫ್ಲ್ಯಾಟಿನಲ್ಲಿ ಸ್ಥಳವಿಲ್ಲವೆಂಬ ಕಾರಣದಿಂದ ರದ್ದಿಯವನ ತಕ್ಕಡಿಯನ್ನೇರಿತು.

ಮುಂಬಯಿಯ ಉಪನಗರವೊಂದರಲ್ಲಿರುವ ನಮ್ಮ ಪರಿಚಿತ ಸದ್ಗೃಹಸ್ಥರೊಬ್ಬರ ಮನೆಯಲ್ಲಿ ನಡೆದುದೂ ಇದೇ. ಅವರ ತಂದೆಯವರು ಧಾರವಾಡದ ಕಡೆಯವರು. ಅವರ ಸಂಗ್ರಹದಲ್ಲಿ ಗಳಗನಾಥರ ಕಾದಂಬರಿಗಳಿದ್ದವು. ಮನೆ ಬದಲಿಸುವಾಗ ಅವೆಲ್ಲ ಹೋದವು. ಕೆಲವು ವರ್ಷಗಳ ಅನಂತರ ಕಾಲೇಜಿನಲ್ಲಿ ಓದುತ್ತಿದ್ದ ಮೊಮ್ಮಗಳು, “ಅಜ್ಜಾ, ಮುತ್ತಜ್ಜ ಓದುತ್ತಿದ್ದ ಪುಸ್ತಕ ಒಂದಾದರೂ ನಮ್ಮಲ್ಲಿ ಇದೆಯೇ?” ಎಂದು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಇದನ್ನು ನಮ್ಮಲ್ಲಿ ಹೇಳಿಕೊಳ್ಳುವಾಗ ಅವರ ಮುಖ ಬಾಡಿತ್ತು. ಅಂದು ಸಂಜೆ ಅವರ ಮೊಬೈಲಿನಲ್ಲಿಯೇ ಹುಡುಕಿದೆವು. ಯಾವುದೋ ಗ್ರಂಥಾಲಯದ ಮುದ್ರೆ ಬಿದ್ದ, ಹಳದಿಗಟ್ಟಿದ ಪುಟಗಳ ಗಳಗನಾಥರ ಕೃತಿಯೊಂದು ತೆರೆದುಕೊಂಡಿತು. ಬಿಡಿಕಾಸು ಕೊಡಬೇಕಾಗಲಿಲ್ಲ; ಯಾರ ಹಕ್ಕಿಗೂ ಚ್ಯುತಿ ಬರಲಿಲ್ಲ.

ಇದು ಹೇಗೆ ಸಾಧ್ಯವಾಯಿತು, ನಮ್ಮ ವಾಚಕರೆಲ್ಲರಿಗೂ ಇದು ಹೇಗೆ ಸಾಧ್ಯವಾದೀತು ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಒಂದು ಶಬ್ದ, ಎರಡು ಅರ್ಥ

ಕನ್ನಡದಲ್ಲಿ ‘ಉಚಿತ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಬೆಲೆಯಿಲ್ಲದೆ ದೊರೆಯುವುದು ಎಂಬುದು ಒಂದು; ಯೋಗ್ಯವಾದುದು, ತಕ್ಕುದು ಎಂಬುದು ಇನ್ನೊಂದು. ಅಂತರಜಾಲದಲ್ಲಿ ಪುಸ್ತಕ ಹುಡುಕುವವರು ಈ ಎರಡನ್ನೂ ಒಟ್ಟಿಗೆ ನೆನಪಿಡಬೇಕು. ಬೆಲೆಯಿಲ್ಲದೆ ಸಿಕ್ಕಿದುದೆಲ್ಲ ಯೋಗ್ಯವಾದುದಲ್ಲ. ಯೋಗ್ಯವಾದುದಕ್ಕೆಲ್ಲ ಬೆಲೆ ಇರಲೇಬೇಕೆಂದೂ ಇಲ್ಲ. ಎರಡೂ ಅರ್ಥಗಳಲ್ಲಿ ಉಚಿತವಾದ ಗ್ರಂಥಗಳು ನಾವು ಎಣಿಸಿರುವುದಕ್ಕಿಂತ ಬಹಳ ಹೆಚ್ಚಾಗಿವೆ. ಅವನ್ನು ಮೂರು ವರ್ಗಗಳಾಗಿ ವಿಂಗಡಿಸಿಕೊಂಡರೆ ವಿಷಯ ಸುಲಭವಾಗುತ್ತದೆ: ಹಕ್ಕಿನ ಅವಧಿ ಮುಗಿದವು, ಹಕ್ಕುದಾರರೇ ದಾನವಾಗಿ ಕೊಟ್ಟವು, ಎರವಲಾಗಿ ಅಥವಾ ಅಲ್ಪ ಬೆಲೆಗೆ ದೊರೆಯುವವು.

1. ಹಕ್ಕಿನ ಅವಧಿ ಮುಗಿದ ಗ್ರಂಥಗಳು

ಕಾಪಿರೈಟ್ ಎಂದು ಎಲ್ಲರೂ ಬಲ್ಲ ಕೃತಿಸ್ವಾಮ್ಯವು ಶಾಶ್ವತವಾದುದಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಲೇಖಕರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಯ ಹಕ್ಕು ಅವರ ಜೀವಿತಕಾಲವಿಡೀ ಇದ್ದು, ಅವರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷಗಳವರೆಗೆ ಮುಂದುವರಿಯುತ್ತದೆ. ಮೊದಲು ಈ ಅವಧಿ 50 ವರ್ಷಗಳಷ್ಟಿತ್ತು. 1941ರಲ್ಲಿ ನಿಧನರಾದ ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ 1991ರ ಕೊನೆಗೆ ಮುಗಿಯುವುದಿತ್ತು. ಆ ಸಂದರ್ಭದಲ್ಲಿ ಅದನ್ನು 60 ವರ್ಷಗಳಿಗೆ ವಿಸ್ತರಿಸಲಾಯಿತು. ಅವಧಿ ಮುಗಿದ ಮೇಲೆ ಕೃತಿಯು ಸಾರ್ವಜನಿಕರ ಸೊತ್ತಾಗುತ್ತದೆ. ಯಾರು ಬೇಕಾದರೂ ಓದಬಹುದು, ಪ್ರತಿ ಮಾಡಬಹುದು, ಪುನರ್ಮುದ್ರಿಸಬಹುದು.

ಉದಾಹರಣೆಗಳಿಂದ ಇದು ಸ್ಪಷ್ಟವಾಗುತ್ತದೆ. ಗಳಗನಾಥರು 1942ರಲ್ಲಿ ತೀರಿಕೊಂಡರು. 2002ರ ಕೊನೆಗೆ ಅವರ ಕೃತಿಗಳ ಅವಧಿ ಮುಗಿಯಿತು. ಪಂಜೆ ಮಂಗೇಶರಾಯರು 1937ರಲ್ಲಿಯೂ, ಬಿ.ಎಂ. ಶ್ರೀಕಂಠಯ್ಯನವರು ಹಾಗೂ ಟಿ.ಪಿ. ಕೈಲಾಸಂ ಅವರು 1946ರಲ್ಲಿಯೂ ಗತಿಸಿದರು. ರಾಷ್ಟ್ರಕವಿ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಸಾರ್ವಜನಿಕವಾದವು. 1964ರಲ್ಲಿ ಕಾಲವಶರಾದ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ವು 2025ರ ಜನವರಿ 1ರಿಂದ ನಮ್ಮೆಲ್ಲರದಾಯಿತು.

ಪುಸ್ತಕ ಹಳೆಯದೆಂಬ ಮಾತ್ರಕ್ಕೆ ಅದು ಸಾರ್ವಜನಿಕವಾಯಿತೆಂದು ತಿಳಿಯಬಾರದು. ‘ಮಂಕುತಿಮ್ಮನ ಕಗ್ಗ’ ಪ್ರಕಟವಾದುದು 1943ರಲ್ಲಿ, ಆದರೆ ಡಿ.ವಿ. ಗುಂಡಪ್ಪನವರು ತೀರಿಕೊಂಡುದು 1975ರಲ್ಲಿ. ಆದ್ದರಿಂದ ಅದರ ಹಕ್ಕು 2035ರ ಕೊನೆಯವರೆಗೂ ಇದೆ. ಲೆಕ್ಕ ಹಾಕಬೇಕಾದುದು ಪುಸ್ತಕದ ವಯಸ್ಸನ್ನಲ್ಲ, ಲೇಖಕರ ನಿಧನದ ವರ್ಷವನ್ನು.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಅನುವಾದಕ್ಕೂ ಸ್ವತಂತ್ರವಾದ ಹಕ್ಕಿರುತ್ತದೆ. ಲೋಕಮಾನ್ಯ ತಿಲಕರ ಮರಾಠಿ ‘ಗೀತಾರಹಸ್ಯ’ವನ್ನು ಆಲೂರು ವೆಂಕಟರಾಯರು ಕನ್ನಡಕ್ಕೆ ತಂದರು. ತಿಲಕರು 1920ರಲ್ಲಿಯೇ ತೀರಿಕೊಂಡಿದ್ದರೂ ಕನ್ನಡದ ಅನುವಾದಕ್ಕೆ ಆಲೂರರ ನಿಧನದ ವರ್ಷದಿಂದಲೇ ಲೆಕ್ಕ. ಪುರಂದರದಾಸರ, ಕನಕದಾಸರ ಪದಗಳಿಗೆ ಯಾರ ಸ್ವಾಮ್ಯವೂ ಇಲ್ಲ. ಆದರೆ ಇಂದಿನ ವಿದ್ವಾಂಸರು ಆ ಪದಗಳಿಗೆ ಬರೆದ ಅರ್ಥವಿವರಣೆ, ಪೀಠಿಕೆ, ಟಿಪ್ಪಣಿಗಳು ಅವರ ಸ್ವಂತ ಪರಿಶ್ರಮದ ಫಲ. ಅವುಗಳ ಮೇಲೆ ಅವರಿಗೆ ಹಕ್ಕುಂಟು. ಮೂಲವು ಎಲ್ಲರದು, ವಿವರಣೆಯು ಬರೆದವರದು.

ಹುಡುಕುವ ಕ್ರಮ

ಇಂತಹ ಗ್ರಂಥಗಳ ಅತಿದೊಡ್ಡ ಭಂಡಾರವೆಂದರೆ 1996ರಲ್ಲಿ ಅಮೆರಿಕದಲ್ಲಿ ಬ್ರೂಸ್ಟರ್ ಕೇಲ್ ಅವರು ಸ್ಥಾಪಿಸಿದ ‘ಇಂಟರ್ನೆಟ್ ಆರ್ಕೈವ್’. ಇದರ ವಿಳಾಸ ಆರ್ಕೈವ್ ಡಾಟ್ ಆರ್ಗ್. ನಮ್ಮ ದೇಶದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಯಲ್ಲಿ ಹಲವಾರು ಗ್ರಂಥಾಲಯಗಳ ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಆ ಕಾರ್ಯದಲ್ಲಿ ಮುಖ್ಯ ಪಾತ್ರ ವಹಿಸಿತು. ಆ ಸಂಗ್ರಹದ ಬಹುಭಾಗವು ಇಂದು ಆರ್ಕೈವ್‌ನಲ್ಲಿ ನೋಡಲು ದೊರೆಯುತ್ತದೆ. ಬೆಂಗಳೂರಿನಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಎಂಬ ಹೆಸರಿನಲ್ಲಿ ಕನ್ನಡದ ಹಳೆಯ ಪುಸ್ತಕಗಳನ್ನೂ ಪತ್ರಿಕೆಗಳನ್ನೂ ಸ್ಕ್ಯಾನ್ ಮಾಡಿ ಅಲ್ಲಿಗೇ ಸೇರಿಸುವ ಕೆಲಸವೂ ನಡೆದಿದೆ.

ಮೊದಲ ಬಾರಿ ಹುಡುಕುವವರು ಒಂದೆರಡು ಪ್ರಯತ್ನಗಳಲ್ಲಿ ಸಿಗಲಿಲ್ಲವೆಂದು ಕೈಬಿಡುವುದುಂಟು. ಪುಸ್ತಕವು ಅಲ್ಲಿಯೇ ಇರುತ್ತದೆ. ಹೆಸರು ಮಾತ್ರ ಬೇರೆ ರೂಪದಲ್ಲಿ ಬರೆಯಲ್ಪಟ್ಟಿರುತ್ತದೆ. ಆದ್ದರಿಂದ ಈ ಕ್ರಮವನ್ನು ಅನುಸರಿಸುವುದು ಒಳ್ಳೆಯದು.

(ಅ) ಮೊದಲು ಕನ್ನಡ ಲಿಪಿಯಲ್ಲಿ ಗ್ರಂಥದ ಹೆಸರನ್ನು ಬರೆದು ಹುಡುಕಬೇಕು. ಸಿಗದಿದ್ದರೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಒಂದೇ ಹೆಸರನ್ನು ಒಬ್ಬರು ‘ಗಳಗನಾಥ’ ಎಂದೂ, ಮತ್ತೊಬ್ಬರು ‘ಗಲಗನಾಥ್’ ಎಂದೂ, ಇನ್ನೊಬ್ಬರು ದೀರ್ಘಕ್ಕೆ ಎರಡು ‘ಎ’ ಹಾಕಿಯೂ ಬರೆದಿರುತ್ತಾರೆ. ನಾಲ್ಕೈದು ರೂಪಗಳನ್ನು ಪ್ರಯತ್ನಿಸಬೇಕು.

(ಆ) ಗ್ರಂಥದ ಹೆಸರಿನಿಂದ ಸಿಗದಿದ್ದರೆ ಲೇಖಕರ ಹೆಸರಿನಿಂದಲೂ, ಅದೂ ಸಿಗದಿದ್ದರೆ ಪ್ರಕಾಶಕರ ಅಥವಾ ಮುದ್ರಣಾಲಯದ ಹೆಸರಿನಿಂದಲೂ ಹುಡುಕಬಹುದು.

(ಇ) ಫಲಿತಾಂಶಗಳ ಪಕ್ಕದಲ್ಲಿ ಪಠ್ಯಗಳನ್ನು ಮಾತ್ರ, ಕನ್ನಡ ಭಾಷೆಯವನ್ನು ಮಾತ್ರ ಆರಿಸಿಕೊಳ್ಳುವ ಸೌಕರ್ಯವಿದೆ. ಇದನ್ನು ಬಳಸಿದರೆ ಚಲನಚಿತ್ರ, ಹಾಡುಗಳ ರಾಶಿ ಬದಿಗೆ ಸರಿಯುತ್ತದೆ.

(ಈ) ಇಳಿಸಿಕೊಳ್ಳುವ ಮೊದಲು ಮುಖಪುಟ, ಪರಿವಿಡಿ, ಕೊನೆಯ ಪುಟಗಳನ್ನು ತೆರೆದು ನೋಡಬೇಕು. ಹಳೆಯ ಸ್ಕ್ಯಾನ್‌ಗಳಲ್ಲಿ ಕೆಲವೆಡೆ ಪುಟಗಳು ಬಿಟ್ಟುಹೋಗಿರುತ್ತವೆ ಅಥವಾ ಅಂಚಿನ ಅಕ್ಷರಗಳು ಕತ್ತರಿಸಿಹೋಗಿರುತ್ತವೆ. ಅದೇ ಗ್ರಂಥದ ಇನ್ನೊಂದು ಪ್ರತಿ ಅಲ್ಲಿಯೇ ಇದ್ದರೂ ಇದ್ದೀತು.

(ಉ) ಅಲ್ಲಿರುವುದೆಲ್ಲದರ ಅವಧಿ ಮುಗಿದಿದೆಯೆಂದು ಭಾವಿಸಬಾರದು. ಅವಧಿ ಮುಗಿಯದ ಪುಸ್ತಕಗಳೂ ಸ್ಕ್ಯಾನ್ ಆಗಿ ಸೇರಿಕೊಂಡಿವೆ. ಮೇಲೆ ಹೇಳಿದ ಲೆಕ್ಕವನ್ನು ನಾವೇ ಹಾಕಿಕೊಳ್ಳಬೇಕು.

ಇಂಗ್ಲಿಷ್ ಸಾಹಿತ್ಯವನ್ನು ಓದುವ ಮಕ್ಕಳಿರುವ ಮನೆಗಳಿಗೆ ‘ಪ್ರಾಜೆಕ್ಟ್ ಗುಟೆನ್‌ಬರ್ಗ್’ ಎಂಬುದು ಅತ್ಯಂತ ಉಪಯುಕ್ತ. 1971ರಲ್ಲಿ ಮೈಕೆಲ್ ಹಾರ್ಟ್ ಅವರು ಆರಂಭಿಸಿದ ಈ ಭಂಡಾರದಲ್ಲಿ 70,000ಕ್ಕೂ ಹೆಚ್ಚು ಪುಸ್ತಕಗಳಿವೆ. ಇವು ಸ್ಕ್ಯಾನ್ ಚಿತ್ರಗಳಲ್ಲ, ಅಕ್ಷರರೂಪದ ಪಠ್ಯಗಳು. ಆದ್ದರಿಂದ ಮೊಬೈಲಿನಲ್ಲಿ ಅಕ್ಷರವನ್ನು ದೊಡ್ಡದು ಮಾಡಿಕೊಂಡು ಸುಖವಾಗಿ ಓದಬಹುದು. ಷೇಕ್ಸ್‌ಪಿಯರ್, ಡಿಕನ್ಸ್ ಮೊದಲಾದವರ ಕೃತಿಗಳಿಗೆ ಹಣ ತೆರುವ ಅಗತ್ಯವೇ ಇಲ್ಲ.

2. ದಾನವಾಗಿ ಬಂದ ಗ್ರಂಥಗಳು

ಹಕ್ಕಿನ ಅವಧಿ ಇನ್ನೂ ಇದ್ದರೂ ಹಕ್ಕುದಾರರೇ ಮನಃಪೂರ್ವಕವಾಗಿ ಎಲ್ಲರಿಗೂ ತೆರೆದಿಟ್ಟ ಗ್ರಂಥಗಳು ಎರಡನೆಯ ವರ್ಗಕ್ಕೆ ಸೇರಿದವು. ವಿದ್ಯಾದಾನವನ್ನು ನಮ್ಮ ಹಿರಿಯರು ಶ್ರೇಷ್ಠದಾನಗಳಲ್ಲಿ ಎಣಿಸಿದರು. ಇದು ಆ ದಾನದ ಇಂದಿನ ರೂಪವೆಂದರೆ ತಪ್ಪಾಗದು.

ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಕಾದಂಬರಿಕಾರ ನಿರಂಜನರ ಕೃತಿಗಳನ್ನು ಅವರ ಕುಟುಂಬದವರು ಅದೇ ರೀತಿ ಲೋಕಕ್ಕೆ ಬಿಟ್ಟುಕೊಟ್ಟರು. ಇಂತಹವನ್ನು ಕನ್ನಡ ವಿಕಿಸೋರ್ಸ್‌ನಲ್ಲಿ ಓದಬಹುದು. ‘ಸಂಚಯ’ ಎಂಬ ತಂಡದವರು ವಚನಗಳನ್ನೂ ದಾಸಸಾಹಿತ್ಯವನ್ನೂ ಶಬ್ದಶಃ ಹುಡುಕಲು ಬರುವಂತೆ ಸಿದ್ಧಪಡಿಸಿದ್ದಾರೆ. ಒಂದು ಪದದ ಪಲ್ಲವಿ ಮಾತ್ರ ನೆನಪಿದ್ದು ಚರಣಗಳು ಮರೆತುಹೋಗಿದ್ದರೆ ಇದರ ಪ್ರಯೋಜನ ತಿಳಿಯುತ್ತದೆ. ತಿರುಮಲ ತಿರುಪತಿ ದೇವಸ್ಥಾನದವರು ತಮ್ಮ ಪ್ರಕಟನೆಗಳನ್ನು ಇ-ಪುಸ್ತಕಗಳಾಗಿ ಉಚಿತವಾಗಿ ಇಟ್ಟಿದ್ದಾರೆ. ಕಾನಪುರದ ಐ.ಐ.ಟಿ.ಯವರು ನಿರ್ಮಿಸಿದ ‘ಗೀತಾ ಸೂಪರ್‌ಸೈಟ್’ನಲ್ಲಿ ಗೀತೆಯ ಶ್ಲೋಕಗಳೊಂದಿಗೆ ಶ್ರೀಮದಾಚಾರ್ಯರ ಹಾಗೂ ಶ್ರೀ ಜಯತೀರ್ಥರ ವ್ಯಾಖ್ಯಾನಗಳೂ ಇವೆ.

ನಮ್ಮಲ್ಲಿ ಅನೇಕರ ಮುಖ್ಯವಾದ ಚಿಂತೆ ಮಕ್ಕಳದು. ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ, ಆದರೆ ಓದಲು ಬಾರದು. ಶಾಲೆಯಲ್ಲಿ ಮರಾಠಿ, ತಮಿಳು, ತೆಲುಗು ಅಥವಾ ಹಿಂದಿ. ಈ ತಂದೆತಾಯಂದಿರು ಕೂಡಲೇ ಗಮನಿಸಬೇಕಾದ ಕೆಲವು ಸೌಕರ್ಯಗಳಿವೆ. ಕರ್ನಾಟಕ ಪಠ್ಯಪುಸ್ತಕ ಸಂಘವು ಶಾಲಾ ಪಠ್ಯಪುಸ್ತಕಗಳನ್ನು ಪಿ.ಡಿ.ಎಫ್. ರೂಪದಲ್ಲಿ ಉಚಿತವಾಗಿ ಒದಗಿಸುತ್ತದೆ. ಮೊದಲ ತರಗತಿಯ ಕನ್ನಡ ಪುಸ್ತಕದಿಂದಲೇ ಆರಂಭಿಸಬಹುದು. ಮಹಾರಾಷ್ಟ್ರದ ‘ಬಾಲಭಾರತಿ’ಯೂ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆಂಬುದು ಮುಂಬಯಿ, ಪುಣೆಗಳಲ್ಲಿರುವ ನಮ್ಮವರಲ್ಲಿ ಹಲವರಿಗೆ ತಿಳಿಯದು. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ನಲ್ಲಿ ಬಣ್ಣದ ಚಿತ್ರಗಳ ಕನ್ನಡ ಕಥೆಗಳು ಓದಿನ ಮಟ್ಟಕ್ಕೆ ಅನುಗುಣವಾಗಿ ವಿಂಗಡಿಸಲ್ಪಟ್ಟಿವೆ. ಅಲ್ಲಿ ಅದೇ ಕಥೆ ಹಲವು ಭಾಷೆಗಳಲ್ಲಿ ಇರುವುದರಿಂದ, ಮಗು ಶಾಲೆಯ ಭಾಷೆಯಲ್ಲಿ ಓದಿದ ಕಥೆಯನ್ನೇ ಕನ್ನಡದಲ್ಲಿ ಮತ್ತೆ ಓದಬಹುದು. ಅರ್ಥ ಮೊದಲೇ ತಿಳಿದಿರುವುದರಿಂದ ಅಕ್ಷರಗಳು ಬೇಗನೆ ವಶವಾಗುತ್ತವೆ.

ಓದುವಾಗ ಶಬ್ದಾರ್ಥ ಬೇಕಾದರೆ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ಹಲವು ನಿಘಂಟುಗಳಿವೆ. 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟೂ ಅಂತರಜಾಲದಲ್ಲಿ ಉಚಿತವಾಗಿಯೇ ದೊರೆಯುತ್ತದೆ. ವಿ. ಕೃಷ್ಣ ಅವರು ಹಲವು ವರ್ಷಗಳ ಕಾಲ ಏಕಾಂಗಿಯಾಗಿ ಸಿದ್ಧಪಡಿಸಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತವಾಗಿ ಬಿಡುಗಡೆಯಾಯಿತು. ಕನ್ನಡ ಲಿಪಿ ಬಲ್ಲ, ಆದರೆ ಕಠಿನ ಶಬ್ದಗಳಿಗೆ ಹೆದರುವ ಯುವಕರಿಗೆ ಇದು ಕೈದೀಪವಿದ್ದಂತೆ.

3. ಎರವಲು ಮತ್ತು ಅಲ್ಪ ಬೆಲೆ

ಇನ್ನು ಬದುಕಿರುವ ಅಥವಾ ಈಚೆಗೆ ಅಗಲಿದ ಲೇಖಕರ ಪುಸ್ತಕಗಳು ಉಳಿದವು. ಮಾಸ್ತಿಯವರು 1986ರಲ್ಲಿಯೂ, ಶಿವರಾಮ ಕಾರಂತರು 1997ರಲ್ಲಿಯೂ ತೀರಿಕೊಂಡರು. ಇವರ ಕೃತಿಗಳು ಸಾರ್ವಜನಿಕವಾಗಲು ಇನ್ನೂ ಬಹಳ ವರ್ಷಗಳಿವೆ. ಇವುಗಳನ್ನು ಎರವಲಾಗಿ ಪಡೆಯಬೇಕು, ಇಲ್ಲವೇ ಕೊಳ್ಳಬೇಕು.

ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆಯು 2020ರಲ್ಲಿ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವನ್ನು ಆರಂಭಿಸಿತು. ಖರಗಪುರದ ಐ.ಐ.ಟಿ. ರೂಪಿಸಿದ ‘ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ’ವು ದೇಶದ ಅನೇಕ ಸಂಸ್ಥೆಗಳ ಸಂಗ್ರಹಗಳನ್ನು ಒಂದೇ ಕಡೆಯಿಂದ ಹುಡುಕುವ ಅನುಕೂಲ ಮಾಡಿಕೊಟ್ಟಿದೆ, ವಿದ್ಯಾರ್ಥಿಗಳಿಗೆ ಇದು ವಿಶೇಷ ಪ್ರಯೋಜನಕಾರಿ. ಇಂಟರ್ನೆಟ್ ಆರ್ಕೈವ್‌ನಲ್ಲಿಯೂ ಕೆಲವು ಪುಸ್ತಕಗಳನ್ನು ನಿಯತಕಾಲಕ್ಕೆ ಎರವಲು ಪಡೆಯುವ ಪದ್ಧತಿ ಇದೆ. ಆದರೆ ಆ ಪದ್ಧತಿಯ ವಿರುದ್ಧ ಅಮೆರಿಕದ ದೊಡ್ಡ ಪ್ರಕಾಶಕರು 2020ರಲ್ಲಿ ದಾವೆ ಹೂಡಿದರು. 2023ರಲ್ಲಿ ತೀರ್ಪು ಪ್ರಕಾಶಕರ ಪರವಾಗಿ ಬಂದಿತು. 2024ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಪರಿಣಾಮವಾಗಿ 5 ಲಕ್ಷಕ್ಕೂ ಹೆಚ್ಚು ಪುಸ್ತಕಗಳು ಎರವಲಿನ ಪಟ್ಟಿಯಿಂದ ಹೋದವು. ಹಿಂದೆ ಕಂಡಿದ್ದ ಪುಸ್ತಕ ಈಗ ಕಾಣದಿದ್ದರೆ ಕಾರಣ ಇದಿರಬಹುದು.

ಕೊಳ್ಳುವುದಾದರೆ ಇ-ಪುಸ್ತಕವು ಸಾಮಾನ್ಯವಾಗಿ ಮುದ್ರಿತ ಪ್ರತಿಗಿಂತ ಅಗ್ಗ. ದೂರದ ಊರುಗಳಲ್ಲಿರುವ ನಮಗೆ ಅಂಚೆವೆಚ್ಚವೂ ಉಳಿಯುತ್ತದೆ. ‘ಮೈಲ್ಯಾಂಗ್’, ‘ಗೂಗಲ್ ಪ್ಲೇ ಬುಕ್ಸ್’ ಮೊದಲಾದೆಡೆ ಕನ್ನಡ ಪುಸ್ತಕಗಳು ದೊರೆಯುತ್ತವೆ. ಮುದ್ರಿತ ಪುಸ್ತಕವೇ ಬೇಕೆನ್ನುವವರು ಕನ್ನಡ ಪುಸ್ತಕ ಪ್ರಾಧಿಕಾರದ ಪ್ರಕಟನೆಗಳನ್ನೂ, 1923ರಿಂದ ಅಲ್ಪ ಬೆಲೆಗೆ ಗ್ರಂಥಗಳನ್ನು ನೀಡುತ್ತಿರುವ ಗೋರಖಪುರದ ಗೀತಾ ಪ್ರೆಸ್‌ನ ಕನ್ನಡ ಪುಸ್ತಕಗಳನ್ನೂ ನೋಡಬಹುದು.

ಅನುಚಿತವಾದ ಉಚಿತ

ಈಗ ಅಪ್ರಿಯವಾದರೂ ಹೇಳಲೇಬೇಕಾದ ಮಾತು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಇಂದು ಪ್ರಕಟವಾದ ಪುಸ್ತಕ ನಾಳೆ ಪಿ.ಡಿ.ಎಫ್. ಆಗಿ ಹರಿದಾಡುತ್ತಿದೆ. ಕಳುಹಿಸುವವರ ಭಾವನೆ ಕೆಟ್ಟದ್ದಲ್ಲ; ‘ಹತ್ತು ಜನ ಓದಲಿ’ ಎಂಬುದೇ ಅವರ ಆಶಯ. ಆದರೆ ನಮಗೆ ತಿಳಿದ ವಿದ್ವಾಂಸರೊಬ್ಬರು ಹಲವು ವರ್ಷ ಶ್ರಮಿಸಿ ಬರೆದ ಅನುವಾದದ ಮೊದಲ ಸಂಪುಟವನ್ನು ಸಾಲ ಮಾಡಿ ಅಚ್ಚು ಹಾಕಿಸಿದರು. ಯಾರೋ ಅದನ್ನು ಸ್ಕ್ಯಾನ್ ಮಾಡಿ ಹಂಚಿದರು. ಎಲ್ಲೆಡೆಯಿಂದ ಪ್ರಶಂಸೆ ಬಂದಿತು. ಪ್ರತಿಗಳು ಮಾತ್ರ ಅವರ ಮನೆಯ ಮಂಚದ ಕೆಳಗೇ ಉಳಿದವು. ಎರಡನೆಯ ಸಂಪುಟ ಇಂದಿಗೂ ಹಸ್ತಪ್ರತಿಯಲ್ಲಿಯೇ ಇದೆ. ಅವರು ಯಾರನ್ನೂ ದೂರಲಿಲ್ಲ. “ಓದಿದ್ದಾರಲ್ಲ, ಅದೇ ಸಂತೋಷ” ಎಂದು ಮಾತ್ರ ನಮ್ಮೊಡನೆ ಹೇಳಿದರು. ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ಅವರ ಪುಸ್ತಕದ ಪಿ.ಡಿ.ಎಫ್. ನಮ್ಮ ಮೊಬೈಲಿಗೂ ಬಂದಿತ್ತು. ನಾವೂ ತೆರೆದು ಓದಿದ್ದೆವು.

ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಅವರ ಕೃತಿಗಳು ಇಂದು ನಮಗೆ ಬೆಲೆಯಿಲ್ಲದೆ ದೊರೆಯುತ್ತಿವೆ. ಅಂದಿನ ಓದುಗರು ತಮ್ಮ ಬಡತನದಲ್ಲಿಯೂ ಕೊಂಡು ಓದಿದುದರಿಂದಲೇ ಅವು ಇಂದಿಗೆ ಉಳಿದುಬಂದವು. ಇಂದಿನ ಗ್ರಂಥಕರ್ತರ ವಿಷಯದಲ್ಲಿ ಆ ಓದುಗರ ಸ್ಥಾನ ನಮ್ಮದು. ದಾನವೆಂಬುದು ಸ್ವಂತದ್ದನ್ನು ಕೊಡುವುದು. ಮತ್ತೊಬ್ಬರದನ್ನು ಹಂಚುವುದು ದಾನವಾಗಲಾರದು.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಯಂತ್ರದಿಂದ ಅಕ್ಷರರೂಪಕ್ಕೆ ತಂದ ಕನ್ನಡ ಪಠ್ಯಗಳಲ್ಲಿ ದಕಾರ-ಧಕಾರಗಳು, ಹ್ರಸ್ವ-ದೀರ್ಘಗಳು ಅದಲುಬದಲಾಗುವುದುಂಟು. ಕಥೆ, ಕಾದಂಬರಿಗಳಲ್ಲಿ ಇದು ಸಣ್ಣ ತೊಡಕು. ಬಾಯಿಪಾಠ ಮಾಡುವ ಸ್ತೋತ್ರಗಳಲ್ಲಿ ಸಣ್ಣದಲ್ಲ. ಮಕ್ಕಳಿಗೆ ಕಲಿಸುವ ಮೊದಲು ಸ್ಕ್ಯಾನ್ ಪುಟದೊಡನೆ ಅಥವಾ ಮುದ್ರಿತ ಗ್ರಂಥದೊಡನೆ ಹೋಲಿಸಿ, ಬಲ್ಲವರನ್ನು ಕೇಳಿ ನಿಶ್ಚಯಿಸಿಕೊಳ್ಳಬೇಕು. ಉಚಿತ ಪುಸ್ತಕದ ಹೆಸರಿನಲ್ಲಿ ಬ್ಯಾಂಕಿನ ವಿವರ ಅಥವಾ ಒ.ಟಿ.ಪಿ. ಕೇಳುವ ತಾಣಗಳಿಂದ ಹಿರಿಯರು ಕೂಡಲೇ ಹೊರಬರಬೇಕು.

ತಾಳೆಗರಿಯಿಂದ ತೆರೆಯವರೆಗೆ

ಶ್ರೀಮದಾಚಾರ್ಯರ ಸಾಕ್ಷಾತ್ ಶಿಷ್ಯರಾದ ಶ್ರೀ ಹೃಷೀಕೇಶತೀರ್ಥರ ಪರಂಪರೆಯಿಂದ ಬಂದ ಸರ್ವಮೂಲದ ತಾಳೆಗರಿಗಳು ಉಡುಪಿಯಲ್ಲಿ ರಕ್ಷಿತವಾಗಿವೆ. ಸುಮಾರು 700 ವರ್ಷಗಳಲ್ಲಿ ಆ ಗರಿಗಳು ಕಪ್ಪಾಗಿ, ಅಂಚು ಮುರಿದು, ಓದಲು ಕಷ್ಟವಾಗಿದ್ದವು. ಅಮೆರಿಕದ ರಾಚೆಸ್ಟರ್ ತಾಂತ್ರಿಕ ವಿದ್ಯಾಸಂಸ್ಥೆಯ ಪ್ರಾಧ್ಯಾಪಕರಾದ ಪಿ.ಆರ್. ಮುಕುಂದ ಹಾಗೂ ರೋಜರ್ ಈಸ್ಟನ್ ಅವರ ತಂಡವು 2006ರ ಸುಮಾರಿಗೆ ಅವುಗಳ ಡಿಜಿಟಲ್ ಚಿತ್ರಗಳನ್ನು ತೆಗೆಯಿತು. ಅವಕೆಂಪು ಕಿರಣಗಳ ಸಹಾಯದಿಂದ, ಕಣ್ಣಿಗೆ ಕಾಣದ ಅಕ್ಷರಗಳೂ ಗರಿಯ ಕಪ್ಪಿನಿಂದ ಬೇರ್ಪಟ್ಟು ಕಾಣಿಸಿದವು. ಬರೆದವರೊಬ್ಬರು, ಕಾಪಾಡಿದವರು ಹಲವು ತಲೆಮಾರಿನವರು, ಚಿತ್ರ ತೆಗೆದವರು ಮತ್ತೊಬ್ಬರು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದ್ದರೂ ಅವು ನಮ್ಮ ಕಾಲಕ್ಕೆ ಬರುತ್ತಿರಲಿಲ್ಲ.

ನಮ್ಮ ಮನೆಯ ಅಟ್ಟದ ಪೆಟ್ಟಿಗೆಯೂ ಅಂತಹ ಒಂದು ಕೊಂಡಿಯೇ. ಆದ್ದರಿಂದ ಈ ತಿಂಗಳ ಅಭ್ಯಾಸವಾಗಿ ವಾಚಕರು ಮೂರು ಕೆಲಸಗಳನ್ನು ಮಾಡಬೇಕೆಂದು ನಮ್ಮ ಅರಿಕೆ. ಮೊದಲನೆಯದು, ಮನೆಯಲ್ಲಿ ಉಳಿದಿರುವ ಹಳೆಯ ಪುಸ್ತಕಗಳ ಹೆಸರು, ಲೇಖಕರು, ಪ್ರಕಾಶನದ ವರ್ಷಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆಯುವುದು. ಈ ಕೆಲಸವನ್ನು ಅಜ್ಜ ಹೇಳಿ ಮೊಮ್ಮಕ್ಕಳು ಬರೆದರೆ ಇನ್ನೂ ಉತ್ತಮ. ಎರಡನೆಯದು, ಅವು ಅಂತರಜಾಲದಲ್ಲಿ ಇವೆಯೇ ಎಂದು ಹುಡುಕುವುದು. ಇಲ್ಲದ ಪುಸ್ತಕವು ಸಿಕ್ಕಿದರೆ ಅದನ್ನು ರದ್ದಿಗೆ ಹಾಕದೆ, ಸ್ಕ್ಯಾನ್ ಮಾಡುವ ಸಂಸ್ಥೆಗಳಿಗೋ ಗ್ರಂಥಾಲಯಕ್ಕೋ ತಲುಪಿಸುವುದು. ಮೂರನೆಯದು, ಇಂದು ಬದುಕಿ ಬರೆಯುತ್ತಿರುವ ಒಬ್ಬ ಲೇಖಕರ ಒಂದು ಪುಸ್ತಕವನ್ನು ಬೆಲೆ ಕೊಟ್ಟು ಕೊಳ್ಳುವುದು.

ಮೇಲೆ ಹೇಳಿದ ಮುಂಬಯಿಯ ಗೃಹಸ್ಥರ ಮನೆಯಲ್ಲಿ ಈಗ ಪ್ರತಿ ಭಾನುವಾರ ಸಂಜೆ ಮೊಮ್ಮಗಳು ಗಳಗನಾಥರ ನಾಲ್ಕು ಪುಟಗಳನ್ನು ತಡವರಿಸುತ್ತ ಓದುತ್ತಾಳೆ. ಅಜ್ಜನವರು ಕಠಿನ ಶಬ್ದಗಳಿಗೆ ಅರ್ಥ ಹೇಳುತ್ತಾರೆ. ಹೋದ ಪೆಟ್ಟಿಗೆ ಮರಳಿ ಬರಲಿಲ್ಲ. ಅದರೊಳಗಿದ್ದ ಓದು ಮಾತ್ರ ಮರಳಿ ಬಂದಿದೆ.

॥ ಶ್ರೀಕೃಷ್ಣಾರ್ಪಣಮಸ್ತು ॥